ಕಾಫಿ ತೊಟ್ಟಿಯಲ್ಲಿ ಕಡಲು

ತಿಥಿ ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೆ ಕೂತವರು ಸತ್ತವರನ್ನು ವಿಜ್ಞಾನಿ ಎಂದರು. ಬಲಕ್ಕೆ ಕೂತವರು ಅಷ್ಟಕ್ಕೆ ಬಿಡದೆ ಋಷಿ ಎಂದರು. ಎದುರು ಸಾಲಿನಲ್ಲಿದ್ದ ಒಬ್ಬರಂತೂ, ಇಂಥವರು ಕಳಸದ ಸುತ್ತಮುತ್ತ ಇನ್ನು ಹುಟ್ಟುವುದಿಲ್ಲ ಎಂದು ಹೋಳಿಗೆ ಮುರಿಯುತ್ತಾ ಘೋಷಿಸಿದರು. ಈ ಕೊನೆಯ ಮಾತನ್ನು ನಾನೂ ಒಪ್ಪುತ್ತೇನೆ. ಹುಟ್ಟದಿದ್ದರೆ ಊರಿಗೆ ಕ್ಷೇಮ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಬದುಕಿದ್ದಾಗ ನಾನು ಅವರ ಬಗ್ಗೆ ಒಳ್ಳೆಯದು ಆಡಿದ್ದು ಕಡಿಮೆ, ಈಗ ಹೊಸದಾಗಿ ಶುರುಮಾಡಿದರೆ ಅವರಿಗೇ ಅನುಮಾನ ಬಂದೀತು.

ನನ್ನದು ಕಳಸ ಪೇಟೆಯಲ್ಲಿ ರೇಡಿಯೋ, ಟಿ.ವಿ. ರಿಪೇರಿಯ ಅಂಗಡಿ. ಅವರದು ಪೇಟೆಯಿಂದ ಮೇಲೆ, ಜೀಪು ಉಸಿರುಗಟ್ಟಿಕೊಂಡು ಹತ್ತುವ ದಿಬ್ಬದಲ್ಲಿ ಕಾಫಿ ತೋಟ. ವಯಸ್ಸಿನಲ್ಲಿ ಹಿರಿಯರು, ಹಾಗಾಗಿ ನಾನು ಅಣ್ಣಯ್ಯ ಎನ್ನುತ್ತಿದ್ದೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. 'ಏನಯ್ಯಾ ರಿಪೇರಿ' ಎನ್ನುತ್ತಿದ್ದರು. ಒಮ್ಮೆ ರೇಡಿಯೋ ಒಂದನ್ನು ತಾವೇ ಮನೆಯಲ್ಲಿ ಬಿಚ್ಚಿ, ಜೋಡಿಸಿ, ಉಳಿದ ಎರಡು ಸ್ಕ್ರೂಗಳನ್ನು ಕಾಗದದಲ್ಲಿ ಕಟ್ಟಿ ತಂದರು. ರೇಡಿಯೋ ಸತ್ತು ಹೋಗಿತ್ತು. ಕಂಪನಿಯವರು ಸ್ಕ್ರೂ ಹೆಚ್ಚಿಗೆ ಹಾಕಿದ್ದರಿಂದಲೇ ಅದು ಕೆಟ್ಟಿತ್ತೆಂದು ನನಗೆ ತಿಳಿಹೇಳಿದರು.

ಅವರಿಗೆ ಗೊತ್ತಿಲ್ಲದ ವಿದ್ಯೆ ಇರಲಿಲ್ಲ. ಪಕ್ಕದ ಎಸ್ಟೇಟಿನವರು ತಮ್ಮಲ್ಲಿ ಮೂರಿಂಚು ಮಳೆ ಬಿತ್ತು ಎಂದರೆ, ತಮ್ಮ ಜಗಲಿಯಲ್ಲಿ ಕೂತೇ ಎರಡೂಮುಕ್ಕಾಲು ಎಂದು ತಿದ್ದುತ್ತಿದ್ದರು. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಬೇಕು. ಕೊಟ್ಟಿಗೆಹಾರದ ತಿರುವುಗಳಲ್ಲಿ ಯಾವ ಗೇರು ಹಾಕಬೇಕೆಂದು ಹೇಳಿ ಹೇಳಿ, ಒಬ್ಬ ಡ್ರೈವರ್ ಬಸ್ ನಿಲ್ಲಿಸಿ ಇಳಿದು, 'ಬನ್ನಿ, ನೀವೇ ಹೊಡೀರಿ' ಎಂದಿದ್ದ. ಅದನ್ನೂ ಅವರು ಹೊಗಳಿಕೆ ಎಂದೇ ತಿಳಿದರು. ಎದುರಿನವರು ಮಾತಾಡಲು ಶುರುಮಾಡಿದರೆ ತೋರುಬೆರಳು ಮೇಲೇಳುತ್ತಿತ್ತು. ಕನ್ನಡಕ ಕೆಳಗಿಳಿಯುತ್ತಿತ್ತು. ಶರಟಿನ ಚುಂಗಿನಿಂದ ಎರಡೂ ಗಾಜು ಒರೆಸುವ ತನಕ ಯಾರೂ ಉಸಿರೆತ್ತುವಂತಿಲ್ಲ. ಆಮೇಲೆ ಕನ್ನಡಕ ಏರಿಸಿ, 'ಅದಲ್ಲ ವಿಷಯ' ಎನ್ನುತ್ತಿದ್ದರು. ಏನು ಹೇಳಿದರೂ ಅದಲ್ಲ ವಿಷಯ. ವಿಷಯ ಯಾವುದೆಂದು ತಿಳಿಯುವಷ್ಟರಲ್ಲಿ ನಮ್ಮ ಬಸ್ ಹೋಗಿರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಹೊತ್ತಿನ ಮಾತು. ಕೊಯ್ಲು ಮುಗಿದು ಕಾಫಿ ಕ್ಯೂರಿಂಗಿಗೆ ಹೋದ ಮೇಲೆ ತೋಟದವರು ಘಟ್ಟ ಇಳಿದು ಸಮುದ್ರ ನೋಡಿ ಬರುವುದು ನಮ್ಮ ಕಡೆ ರೂಢಿ. ಆ ವರ್ಷ ಇವರೂ ಹೆಂಡತಿಯನ್ನು ಕರೆದುಕೊಂಡು ಮಲ್ಪೆಗೆ ಹೋದರು. ಅತ್ತಿಗೆ ನೀರಿಗೆ ಇಳಿಯಲು ಹೆದರಿದ್ದರಂತೆ. ಅಲೆಗೆ ಬೆನ್ನು ಕೊಟ್ಟು ನಿಲ್ಲಬೇಕೆಂದು ಇವರು ಶಾಸ್ತ್ರ ಹೇಳಿ ನಿಲ್ಲಿಸಿದರು. ಮೂರನೆಯ ಅಲೆ ಅತ್ತಿಗೆಯನ್ನು ಬೀಳಿಸಿ, ಉರುಳಿಸಿ, ದಡಕ್ಕೆ ತಂದು ಹಾಕಿತು. ಎದ್ದು ನೋಡಿಕೊಂಡರೆ ಬಲಗಿವಿಯ ಓಲೆ ಇಲ್ಲ. ಕೆಂಪು ಕಲ್ಲಿನ ಆ ಜೋಡಿ ಓಲೆ ಅತ್ತಿಗೆಯ ತಾಯಿಯದು. ತಾಯಿ ಹೋಗುವ ಮುಂಚೆ ತನ್ನ ಕಿವಿಯಿಂದಲೇ ಬಿಚ್ಚಿ ಕೊಟ್ಟದ್ದು. ಅತ್ತಿಗೆ ಮರಳಿನ ಮೇಲೆ ಕೂತು ಅತ್ತರಂತೆ. ಇವರು ಸಂಜೆತನಕ ಕೈಯಲ್ಲಿ ಮರಳು ಕೆರೆದರು, ಆಮೇಲೆ ಎದ್ದು ನಿಂತು, 'ಚಿನ್ನ ಭಾರದ ವಸ್ತು, ಎಲ್ಲಿಗೂ ಹೋಗಲ್ಲ, ಕೆಳಗೆ ಕೂತಿರುತ್ತೆ. ಸರಿಯಾದ ಮಿಷಿನ್ನು ತಂದು ತೆಗೀತೀನಿ' ಎಂದು ಸಮುದ್ರಕ್ಕೇ ಕೇಳುವಂತೆ ಹೇಳಿದರಂತೆ.

ಅಲ್ಲಿಂದ ಶುರುವಾಯಿತು ನೋಡಿ, ಲೋಹ ಹುಡುಕುವ ಮಿಷಿನ್ನಿನ ಆಯ್ಕೆ. ಅವರ ತಂಗಿಯ ಗಂಡ ಹಡಗಿನಲ್ಲಿ ಕೆಲಸದಲ್ಲಿದ್ದರು. ಅವರಿಂದ ಕ್ಯಾಟಲಾಗು ತರಿಸಿಕೊಂಡರು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ವಾರಕ್ಕೆ ಎರಡು ದಿನ ನನ್ನ ಅಂಗಡಿಗೆ ಬಂದು, ಗಿರಾಕಿ ಕೂರುವ ಸ್ಟೂಲಿನ ಮೇಲೆ ಕೂತು, ನನಗೆ ಓದಿ ಹೇಳುತ್ತಿದ್ದರು.

ವಿಷಯ ಇಷ್ಟೇ. ಉಪ್ಪುನೀರಿನಲ್ಲಿ ಕರೆಂಟು ಹಾಯುತ್ತದೆ. ಆದ್ದರಿಂದ ಒಂದೇ ಕಂಪನಾಂಕದಲ್ಲಿ ಕೆಲಸ ಮಾಡುವ ಸಾಧಾರಣ ಮಿಷಿನ್ನಿಗೆ ಸಮುದ್ರದ ಒದ್ದೆ ಮರಳೆಲ್ಲ ಲೋಹದಂತೆಯೇ ತೋರುತ್ತದೆ, ಅದು ಸುಮ್ಮನೆ ಕಿರುಚುತ್ತಿರುತ್ತದೆ. ಎರಡನೆಯದು ಪಲ್ಸ್ ಮಿಷಿನ್ನು. ಅದು ಉಪ್ಪಿಗೆ ಜಗ್ಗುವುದಿಲ್ಲ, ಆಳಕ್ಕೂ ಹೋಗುತ್ತದೆ, ಆದರೆ ಮೊಳೆಗೂ ಮೂಗುತಿಗೂ ಅದಕ್ಕೆ ಭೇದವಿಲ್ಲ. ಮೂರನೆಯದು ಒಟ್ಟಿಗೇ ಹಲವು ಕಂಪನಾಂಕ ಕಳಿಸುವಂಥದು. ಉಪ್ಪನ್ನೂ ಪಕ್ಕಕ್ಕೆ ಸರಿಸಿ, ಕಬ್ಬಿಣ ಯಾವುದು ಬೇರೆ ಯಾವುದು ಎಂದು ತಕ್ಕಮಟ್ಟಿಗೆ ಹೇಳುತ್ತದೆ. ಇದು ನನಗೆ ಒಂದು ಮಧ್ಯಾಹ್ನದಲ್ಲಿ ಅರ್ಥವಾಯಿತು. ಅವರಿಗೆ ಮೂರು ವರ್ಷ ಬೇಕಾಯಿತು.

'ಮಿಷಿನ್ನು ತಗೊಂಡು ಮಲ್ಪೆಗೇ ಹೋಗಿ ನೋಡಬಹುದಲ್ಲ ಅಣ್ಣಯ್ಯ' ಎಂದೆ ಒಮ್ಮೆ.

ಬೆರಳು ಎದ್ದಿತು. ಗಾಜು ಒರೆಸಿದ್ದಾಯಿತು. 'ಅದಲ್ಲ ವಿಷಯ. ಅಲ್ಲಿ ಮರಳೊಳಗೆ ಎಂತೆಂತ ಇದೆ ಅಂತ ಗೊತ್ತಿಲ್ದೆ ಪರೀಕ್ಷೆ ಹೆಂಗೆ ಮಾಡ್ತೀಯ ಮಾರಾಯ? ಕೂಗಿದ್ರೆ ಎಂತಕ್ಕೆ ಕೂಗ್ತು ಅಂತ ಗೊತ್ತಾಗಬೇಕಲ.'

'ಹಂಗಾದ್ರೆ ಮನೆ ಅಂಗಳದಲ್ಲಿ?'

'ನಮ್ಮ ಗುಡ್ಡದ ಮಣ್ಣೇ ಕಬ್ಬಿಣ. ಅದಿರು ತೆಗೆಯೋ ಗುಡ್ಡ ಇಲ್ಲೇ ಪಕ್ಕದಲ್ಲಿ ಇಲ್ವಾ? ಈ ಮಣ್ಣಲ್ಲಿ ಇಟ್ರೆ ಪರೀಕ್ಷೆ ಕೆಡ್ತದೆ. ಮಣ್ಣು ತಾಗದೇ ಇರೋ ಜಾಗ ಬೇಕು.'

ಈ ಮಾತಿನಲ್ಲಿ ತಪ್ಪಿಲ್ಲ ಎಂಬುದೇ ನನ್ನ ಹೊಟ್ಟೆಯುರಿ. ಮಣ್ಣಿನ ಕಬ್ಬಿಣದ ತನಕ ಯೋಚಿಸಿದ ಮನುಷ್ಯ ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು.

ಮಣ್ಣು ತಾಗದ ಜಾಗ ಎಂದು ಅವರು ಆರಿಸಿದ್ದು ತೋಟದ ಪಲ್ಪರ್ ಮನೆಯ ಪಕ್ಕದ ದೊಡ್ಡ ಸಿಮೆಂಟು ತೊಟ್ಟಿ. ಪಲ್ಪರ್ ಮಿಷಿನ್ನು ಕಾಫಿ ಹಣ್ಣಿನ ಸಿಪ್ಪೆ ಸುಲಿದ ಮೇಲೆ ಬೀಜವನ್ನು ಲೋಳೆ ಬಿಡುವ ತನಕ ನೆನೆಹಾಕುವ ತೊಟ್ಟಿ ಅದು. ಕೊಯ್ಲು ಮುಗಿದ ಮೇಲೆ ಮುಂದಿನ ಕೊಯ್ಲಿನ ತನಕ ಖಾಲಿ. ಕರಾವಳಿಯಿಂದ ಬರುವ ಲಾರಿಯೊಂದರಲ್ಲಿ ಗೋಣಿಗಟ್ಟಲೆ ಸಮುದ್ರದ ಮರಳು ತರಿಸಿ ತೊಟ್ಟಿಗೆ ಸುರಿಸಿದರು. ದನಕ್ಕೆ ತಂದ ಕಲ್ಲುಪ್ಪು ಕರಗಿಸಿ ನೀರು ಬಿಟ್ಟರು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, ಕಣ್ಣು ಮುಚ್ಚಿ, ಮಲ್ಪೆಯ ರುಚಿ ಜ್ಞಾಪಿಸಿಕೊಂಡು, ಇನ್ನೊಂದು ಸೇರು ಹಾಕಿಸಿದರು. ತೋಟದ ಮೇಸ್ತ್ರಿ ನನ್ನ ಕಿವಿಯಲ್ಲಿ, 'ಅಯ್ಯೋರು ಉಪ್ಪಿನಕಾಯಿ ಹಾಕ್ತಾವ್ರಾ?' ಎಂದು ಕೇಳಿದ. ಹೂಳುವುದಕ್ಕೆ ಚಿನ್ನ ಬೇಕಲ್ಲ, ಅತ್ತಿಗೆಯ ಉಳಿದ ಎಡಗಿವಿಯ ಓಲೆಯನ್ನೇ ತಂದರು. ಕಳೆದದ್ದರ ತೂಕ, ಆಕಾರ ಎಲ್ಲ ಒಂದೇ ಆದ್ದರಿಂದ ಅದರಷ್ಟು ಸರಿಯಾದ ಮಾದರಿ ಬೇರೆ ಇಲ್ಲವಂತೆ.

ಹಡಗಿನ ಆ ಭಾವ ರಜೆಗೆ ಬರುವುದು ವರ್ಷಕ್ಕೊಮ್ಮೆ. ಬರುವಾಗ ಒಂದು ಮಿಷಿನ್ನು ತರುವರು, ಇವರು ಬೇಡವೆಂದರೆ ಮುಂದಿನ ಸಲ ವಾಪಸ್ ಒಯ್ಯುವರು. ಪರೀಕ್ಷೆ ಆದ ಮೇಲೆ ಓಲೆ ಬೀರುವಿಗೆ ಹೋಗುತ್ತಿತ್ತು, ಮರಳನ್ನು ಕೊಯ್ಲಿಗೆ ಮುಂಚೆ ತೆಗೆಸಿ, ಮುಗಿದ ಮೇಲೆ ಮತ್ತೆ ತುಂಬಿಸುತ್ತಿದ್ದರು. ಮೊದಲ ವರ್ಷ ಬಂದದ್ದು ಸಾಧಾರಣ ಮಿಷಿನ್ನು. ತೊಟ್ಟಿಗಿಳಿದು ಆಡಿಸಿದರೆ ಓಲೆ ಇದ್ದಲ್ಲೂ ಕಿರುಚಿತು, ಇಲ್ಲದಲ್ಲೂ ಕಿರುಚಿತು. ಉಪ್ಪಿಗೆ ಹೆದರುವ ಮಿಷಿನ್ನು ಎಂದು ತಳ್ಳಿಹಾಕಿದರು. ನಾನೂ ಹಾಗೇ ಅಂದುಕೊಂಡೆ.

ಎರಡನೆಯ ವರ್ಷ ಪಲ್ಸ್ ಮಿಷಿನ್ನು ಬಂತು. ಇದಕ್ಕೆ ಉಪ್ಪಿನ ಭಯವಿಲ್ಲ, ಆದರೂ ಕಿರುಚಿತು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಒಂದೊಂದು ಗೇಣಿಗೆ ಒಂದೊಂದು ಸಲ, ಅಡ್ಡಕ್ಕೂ ಉದ್ದಕ್ಕೂ, ಲೆಕ್ಕ ಹಾಕಿದಂತೆ ಕಿರುಚುತ್ತಿತ್ತು. ಆಗ ನನಗೆ ಹೊಳೆಯಿತು. ಆ ತೊಟ್ಟಿ ಕಟ್ಟಿಸಿದ ವರ್ಷ ಪಂಪಿಗೆ ವೈರು ಎಳೆದವನು ನಾನು. ತಳಕ್ಕೂ ಗೋಡೆಗೂ ಕಾಂಕ್ರೀಟು ಹಾಕುವ ಮುಂಚೆ ಗೇಣಿಗೊಂದರಂತೆ ಕಬ್ಬಿಣದ ಸರಳು ಹಾಸಿ ಬಲೆ ಕಟ್ಟಿದ್ದನ್ನು ಕಣ್ಣಾರೆ ಕಂಡಿದ್ದೆ. ಮಣ್ಣಿನ ಕಬ್ಬಿಣಕ್ಕೆ ಹೆದರಿದವರು ಸರಳಿನ ಕಬ್ಬಿಣದ ಮೇಲೆ ಸಮುದ್ರ ಮಾಡಿಕೊಂಡು ಕೂತಿದ್ದರು.

'ಅಣ್ಣಯ್ಯ, ಒಂದು ಮಾತು' ಎಂದೆ.

ಬೆರಳು ಎದ್ದಿತು. ಮೇಸ್ತ್ರಿ ಇದ್ದ, ಕಳೆ ತೆಗೆಯುವ ಹೆಂಗಸರು ಇದ್ದರು, ಮಿಷಿನ್ನು ನೋಡಲು ಬಂದ ಪಕ್ಕದ ತೋಟದವರೂ ಇದ್ದರು. ಎಲ್ಲರ ಎದುರು ನಿಧಾನವಾಗಿ ಕನ್ನಡಕ ಒರೆಸಿ, ಅವರ ಕಡೆಗೆ ತಿರುಗಿ, 'ಈ ರಿಪೇರಿಯವರಿಗೆ ತಂತಿ ಗೊತ್ತು, ತತ್ವ ಗೊತ್ತಿಲ್ಲ. ಇದು ತತ್ವದ ಪ್ರಶ್ನೆ' ಎಂದರು. ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು.

ನನಗೆ ಪಿತ್ತ ನೆತ್ತಿಗೇರಿತು. ಸರಿ, ತತ್ವ ನೀವೇ ನೋಡಿಕೊಳ್ಳಿ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಆ ವರ್ಷವಿಡೀ ಅದೊಂದು ಸುಖವಾಗಿತ್ತು ನನಗೆ, ಸುಳ್ಳು ಹೇಳುವುದಿಲ್ಲ. ಅವರು ಅಂಗಡಿಗೆ ಬಂದು ಪಲ್ಸಿನ ದೋಷಗಳನ್ನು ವಿವರಿಸುವಾಗ ತಲೆಯಾಡಿಸುತ್ತಿದ್ದೆ. ಪೇಟೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅವರ ಕಿವಿಗೆ ಬಿದ್ದು ಆಟ ಮುಗಿದುಬಿಡುತ್ತಿತ್ತು.

ಅತ್ತಿಗೆಯ ಎರಡೂ ಕಿವಿಯಲ್ಲಿ ಅಷ್ಟೂ ಕಾಲ ಪೊರಕೆಯ ಹಿಡಿಕಡ್ಡಿಯ ಚೂರು ಇತ್ತು. ತೂತು ಮುಚ್ಚಿಹೋಗಬಾರದೆಂದು ಸಿಕ್ಕಿಸಿಕೊಂಡದ್ದು. ಬೇರೆ ಓಲೆ ಹಾಕಿಕೊಳ್ಳಲು ಅಣ್ಣಯ್ಯ ಬಿಡುತ್ತಿರಲಿಲ್ಲ. ಬೇರೆಯದು ಹಾಕಿಕೊಂಡರೆ ಹುಡುಕುವುದನ್ನು ಕೈಬಿಟ್ಟಂತೆ ಆಗುತ್ತದಂತೆ. ಮದುವೆ ಮನೆಗಳಲ್ಲಿ ಹೆಂಗಸರು ಆ ಕಡ್ಡಿಯನ್ನು ನೋಡಿ ನೋಡದಂತೆ ಮಾಡುತ್ತಿದ್ದರು. ಮೂರನೆಯ ವರ್ಷದ ಮಳೆಗಾಲ ಮುಗಿದಾಗ ಅತ್ತಿಗೆ ಒಮ್ಮೆ ನನ್ನ ಅಂಗಡಿಗೆ ಬಂದರು. ಮಿಕ್ಸಿ ರಿಪೇರಿ ನೆಪ.

'ನಮ್ಮಣ್ಣನ ಮಗಳ ಮದುವೆ ಬರ್ತಾ ಇದೆ. ಬೀರುವಿನಲ್ಲಿ ಒಂದು ಓಲೆ ಇದೆಯಲ್ಲ, ಅದನ್ನ ಅಕ್ಕಸಾಲಿಗನಿಗೆ ತೋರಿಸಿ ಅಂಥದೇ ಇನ್ನೊಂದು ಮಾಡಿಸ್ತೀನಿ ಅಂದ್ರೆ ಇವರು ಕೇಳೋದಿಲ್ಲ. ಅಮ್ಮಂದು ಒಂದಾದ್ರೂ ಕಿವಿ ಮೇಲೆ ಇರ್ತಿತ್ತು' ಎಂದರು. ಮಿಕ್ಸಿಯನ್ನು ನನ್ನ ಕಡೆ ಸರಿಸಿ, 'ಈ ಮಿಷಿನ್ನು ಪರೀಕ್ಷೆ ಯಾವತ್ತಾದ್ರೂ ಮುಗಿಯುತ್ತಾ? ನಿಮಗೆ ಗೊತ್ತಾಗುತ್ತಲ್ಲ ಇದೆಲ್ಲ' ಎಂದು ಕೇಳಿದರು.

ಅಲ್ಲಿ ಹೇಳಿಬಿಡಬಹುದಿತ್ತು. ಬೆರಳೆತ್ತುವವರು ಯಾರೂ ಎದುರಿಗಿರಲಿಲ್ಲ. 'ಅಣ್ಣಯ್ಯನಿಗೆ ಗೊತ್ತಿರುತ್ತೆ ಅತ್ತಿಗೆ' ಎಂದು ಮಿಕ್ಸಿಯ ಮುಚ್ಚಳ ತಿರುಗಿಸುತ್ತಾ ಕೂತೆ.

ಆ ಓಲೆ ಬೀರುವಿನಲ್ಲಿ ಇರಲಿಲ್ಲ ಎಂಬುದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಮಣ್ಣಿನಲ್ಲಿ ಬಹಳ ದಿನ ಕೂತ ಲೋಹ ಹೆಚ್ಚು ಜೋರಾಗಿ ದನಿ ಕೊಡುತ್ತದೆಂದು ಅಣ್ಣಯ್ಯ ಕ್ಯಾಟಲಾಗಿನ ಯಾವುದೋ ಮೂಲೆಯಲ್ಲಿ ಓದಿದ್ದರು. ಅದು ತುಕ್ಕು ಹಿಡಿಯುವ ಕಬ್ಬಿಣದ ಮಾತು. ಚಿನ್ನಕ್ಕೆ ತುಕ್ಕೆಲ್ಲಿಂದ ಬರಬೇಕು? ಆದರೂ ಹೊಸ ಮಿಷಿನ್ನು ಬರುವುದರೊಳಗೆ ಓಲೆ ಉಪ್ಪುಮರಳಿನಲ್ಲಿ ಒಂದು ತಿಂಗಳು ಕೂರಲೆಂದು ತೊಟ್ಟಿಯಲ್ಲಿ ಹೂತಿಟ್ಟಿದ್ದರು. ಯಾರಿಗಾದರೂ ಹೇಳಿದರೆ ಪರೀಕ್ಷೆ ನಿಷ್ಪಕ್ಷಪಾತ ಆಗುವುದಿಲ್ಲವೆಂದು ಹೆಂಡತಿಗೂ ಹೇಳಿರಲಿಲ್ಲ.

ಆ ಸಲ ದೀಪಾವಳಿ ಕಳೆದ ಮೇಲೂ ಮಳೆ ಬಂತು. ಹಿಂದೆಯೇ ಬಿಸಿಲು ಕಾಯಿತು. ಹಣ್ಣು ಹದಿನೈದು ದಿನ ಮುಂಚೆಯೇ ಕೆಂಪಾಗಿ ಉದುರಲು ಶುರುವಾಯಿತು. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡದಿದ್ದರೆ ಹುಳಿ ಬರುತ್ತದೆ. ಮೇಸ್ತ್ರಿ ಕೊಯ್ಲಿಗೆ ಇಳಿದ ದಿನವೇ ಭಾವನಿಂದ ಮೂರನೆಯ ಮಿಷಿನ್ನು ಬಂದು ನನ್ನ ಅಂಗಡಿಯಲ್ಲಿತ್ತು. ಅದನ್ನು ಒಯ್ಯಲು ಅಣ್ಣಯ್ಯ ಬೆಳಿಗ್ಗೆಯೇ ಪೇಟೆಗೆ ಬಂದು, ಬ್ಯಾಟರಿ, ಹೆಡ್‌ಫೋನು, ಮುಂಗೈ ಕಟ್ಟುವ ಪಟ್ಟಿ ಎಲ್ಲದರ ಮೇಲೂ ಉಪನ್ಯಾಸ ಕೊಟ್ಟು, ಮಧ್ಯಾಹ್ನ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡು ಹೊರಟರು.

ಹೋಗಿ ನೋಡಿದರೆ ಪಲ್ಪರ್ ಓಡುತ್ತಿತ್ತು. ತೊಟ್ಟಿಯ ತುಂಬ ಕಾಫಿ ಬೀಜ. ಸಮುದ್ರ ಇರಲಿಲ್ಲ.

'ಮರಳು ಎಲ್ಲಿ?' ಎಂದರು.

'ತೆಗೆಸಿದ್ವಿ ಅಯ್ಯ' ಎಂದ ಮೇಸ್ತ್ರಿ. 'ಹಣ್ಣು ರಾಶಿ ಬಿದ್ದಿತ್ತು. ಅಮ್ಮನ್ನ ಕೇಳಿದೆ, ತೆಗೆದು ಹಾಕಿ ಅಂದ್ರು. ಅರ್ಧ ಅಲ್ಲಿ ಗುಡ್ಡೆ ಹಾಕಿದೀವಿ, ಉಳಿದದ್ದು ತೊಳೆದು ಹಳ್ಳಕ್ಕೆ ಬಿಟ್ವಿ.'

ಹಳ್ಳದಲ್ಲಿ ನೀರು ಕೆಂಪಗೆ ಹರಿಯುತ್ತಿತ್ತು. ಅಣ್ಣಯ್ಯನ ಮುಖದಿಂದ ಬಣ್ಣ ಇಳಿದದ್ದನ್ನು ನಾನು ಮೊದಲ ಸಲ ನೋಡಿದೆ. ಮಿಷಿನ್ನು ಜೋಡಿಸಿ ಮರಳಿನ ಗುಡ್ಡೆಯ ಹತ್ತಿರ ಹೋದರು. ತಮ್ಮ ಬೆರಳಿನ ಉಂಗುರ ತೆಗೆದು, ಅಂಗೈಯಷ್ಟು ಆಳದಲ್ಲಿ ಹೂತು, ಮೇಲೆ ಆಡಿಸಿದರು. ಉಪ್ಪಿನ ಒದ್ದೆ ಮರಳು, ಆದರೂ ಒಂದೇ ಒಂದು ಕಡೆ, ಸ್ಪಷ್ಟವಾಗಿ ಕೂಗಿತು. ಉಂಗುರ ತೆಗೆದುಕೊಂಡು ಗುಡ್ಡೆಯನ್ನೆಲ್ಲ ಹರವಿ ಇಂಚಿಂಚೂ ಆಡಿಸಿದರು. ಮಿಷಿನ್ನು ತುಟಿ ಬಿಚ್ಚಲಿಲ್ಲ. ಅಷ್ಟು ಒಳ್ಳೆಯ ಮಿಷಿನ್ನು ಸುಮ್ಮನಿದೆ ಎಂದರೆ ಓಲೆ ಅಲ್ಲಿಲ್ಲ ಎಂದೇ ಅರ್ಥ. ಹಿಂದೆ ಸರಿಯುವಾಗ ಅದರ ಕೋಲಿನ ತುದಿಯ ಬಳೆ ತೊಟ್ಟಿಯ ಗೋಡೆಗೆ ಹತ್ತಿರವಾಯಿತು, ಕಿರುಚಿಕೊಂಡಿತು. ಒಂದು ಗೇಣು ಸರಿಸಿದರು, ಇನ್ನೊಮ್ಮೆ ಕಿರುಚಿತು. ಮತ್ತೊಂದು ಗೇಣು. ಅಲ್ಲೇ ನಿಂತರು.

'ಸರಳು ಹಾಕಿಸಿದ್ದು ನಾನೇ' ಎಂದು ಗೋಡೆಗೆ ಹೇಳಿದರು. ನನ್ನ ಕಡೆ ನೋಡಿದರು. ನಾನು ಹಳ್ಳದ ಕಡೆ ನೋಡಿದೆ.

ಅತ್ತಿಗೆ ಅಷ್ಟರಲ್ಲಿ ಮೇಲಿನಿಂದ ಇಳಿದು ಬಂದಿದ್ದರು. ಅಣ್ಣಯ್ಯ ತಲೆ ಎತ್ತದೆ, ಇನ್ನೊಂದು ಓಲೆಯೂ ಆ ಮರಳಲ್ಲೇ ಇತ್ತು ಎಂದರು. ಅತ್ತಿಗೆಗೆ ಮೊದಲು ಅರ್ಥವಾಗಲಿಲ್ಲ. ತೆಗೆದು ಹಾಕಿ ಎಂದವರು ತಾವೇ ಅಲ್ಲವೇ. ಅರ್ಥವಾದ ಮೇಲೆ ಕಿವಿಯ ಕಡ್ಡಿಯನ್ನು ಬೆರಳಿನಿಂದ ಮುಟ್ಟಿಕೊಂಡರು.

'ಈಗ ಜೊತೆ ಆಯ್ತು ಬಿಡಿ' ಎಂದರು. ತಿರುಗಿ ಮನೆಗೆ ಹತ್ತಿ ಹೋದರು.

ಅಣ್ಣಯ್ಯ ಎಂಟು ದಿನ ಆ ಹಳ್ಳದಲ್ಲಿ ಹುಡುಕಿದರು. ಕೊಯ್ಲಿನ ಮಧ್ಯೆ, ಮೊಣಕಾಲು ತನಕ ಪಂಚೆ ಎತ್ತಿ ಕಟ್ಟಿಕೊಂಡು, ಆಳುಗಳ ಎದುರಿಗೆ. ಹಳ್ಳದ ತಳ ಪೂರಾ ಕಬ್ಬಿಣದ ಕರಿಮರಳು, ಅಲ್ಲಿ ಆ ಮಿಷಿನ್ನೂ ತಬ್ಬಿಬ್ಬಾಗುತ್ತಿತ್ತು. ಏನೂ ಸಿಗಲಿಲ್ಲ. ಅತ್ತಿಗೆ ಅಣ್ಣನ ಮಗಳ ಮದುವೆಗೆ ಕಳಸದ ಅಂಗಡಿಯಲ್ಲಿ ಒಂದು ಜೊತೆ ಸಾದಾ ಓಲೆ ತಾವೇ ಹೋಗಿ ತಂದು ಹಾಕಿಕೊಂಡರು, ಯಾರನ್ನೂ ಕೇಳಲಿಲ್ಲ.

ಇದರಿಂದ ಅಣ್ಣಯ್ಯನಿಗೆ ಬುದ್ಧಿ ಬಂತು ಎಂದುಕೊಂಡರೆ ನಿಮಗೆ ಅವರು ಗೊತ್ತೇ ಇಲ್ಲ. ಮುಂದಿನ ಬೇಸಿಗೆಯಿಂದ ವರ್ಷಾ ವರ್ಷಾ ಮಲ್ಪೆಗೆ ಹೋಗಿ, ಇಳಿತದ ಹೊತ್ತು ನೋಡಿಕೊಂಡು, ಒದ್ದೆ ಮರಳಿನ ಮೇಲೆ ಮಿಷಿನ್ನು ಆಡಿಸುತ್ತಿದ್ದರು. ಸೋಡಾ ಬಾಟಲಿಯ ಮುಚ್ಚಳ, ಮೀನುಬಲೆಯ ಸೀಸದ ಗುಂಡು, ಯಾರದೋ ಕಾಲುಂಗುರ. ಸಿಕ್ಕಿದ ಒಡವೆಯನ್ನೆಲ್ಲ ಅಲ್ಲಿಯ ಪೊಲೀಸ್ ಠಾಣೆಗೆ ಕೊಟ್ಟು, ಅಲ್ಲಿಯವರಿಗೂ ಕಂಪನಾಂಕದ ಪಾಠ ಮಾಡಿ ಬರುತ್ತಿದ್ದರು. ವಾಪಸ್ ಬಂದು ನನ್ನ ಸ್ಟೂಲಿನ ಮೇಲೆ ಕೂತು, 'ಉಪ್ಪುನೀರಿಂದ ಬಂದ ಕೂಡ್ಲೆ ಸಿಹಿನೀರಲ್ಲಿ ತೊಳೀಬೇಕು, ಅದು ಯಾರಿಗೂ ಗೊತ್ತಿಲ್ಲ' ಎನ್ನುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ತೊಟ್ಟಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊನ್ನೆ ಅತ್ತಿಗೆ ಹೇಳಿ ಕಳಿಸಿದ್ದರು. ಹೋದೆ. ಮಿಷಿನ್ನನ್ನು ಒರೆಸಿ, ಬ್ಯಾಟರಿ ಬಿಚ್ಚಿ, ಜಗಲಿಯಲ್ಲಿ ಇಟ್ಟಿದ್ದರು. 'ಇದು ನಿಮಗೆ ಕೊಡಬೇಕು ಅಂತ ಹೇಳಿ ಹೋಗಿದಾರೆ. ಬೇರೆಯವರ ಕೈಗೆ ಕೊಟ್ರೆ ಕೆಡಿಸ್ತಾರಂತೆ' ಎಂದರು. ಕಾಫಿ ತಂದು ಕೊಟ್ಟು ಎದುರು ಕೂತರು.

'ಆ ತೊಟ್ಟಿ ವಿಷಯ ಆದ ದಿವಸ ನಾನು ಇವರಿಗೆ ಒಂದು ಮಾತು ಹೇಳಿದ್ದೆ' ಎಂದರು. 'ಪಂಪಿಗೆ ವೈರು ಎಳೆಯೋಕೆ ಬಂದಾಗ ರಿಪೇರಿಯವರು ಸರಳು ನೋಡಿರ್ತಾರಲ್ಲ, ಅವರಿಗಾದ್ರೂ ಹೊಳೀಲಿಲ್ವಾ ಅಂತ. ಇವರಿಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂತು ಗೊತ್ತಾ. ಎರಡು ದಿವಸ ಮಾತು ಬಿಟ್ಟರು.'

ಅಣ್ಣಯ್ಯ ಆಗ ಅಂದದ್ದನ್ನು ಅತ್ತಿಗೆ ಹಾಗೇ ಹೇಳಿದರು.

'ಅವನಿಗೆ ಗೊತ್ತಿದ್ರೆ ನನಗೆ ಹೇಳ್ದೆ ಇರ್ತಿದ್ನಾ? ನಾನು ಅವನಿಗೆ ಏನೇ ಅಂದ್ರೂ ಅವನು ಅಂಥವನಲ್ಲ. ಇನ್ನೊಂದು ಸಲ ಅವನ ಮೇಲೆ ಅನುಮಾನ ಪಡಬೇಡ ಅಂದ್ರು. ನಾನು ಹಂಗೆ ಕೇಳಿದ್ದು ತಪ್ಪಾಯ್ತು. ಅದು ಇಷ್ಟು ವರ್ಷ ಮನಸ್ಸಲ್ಲೇ ಇತ್ತು, ಇವತ್ತು ಹೇಳಿದೆ. ನಿಮಗೆ ಗೊತ್ತಿರಲಿಲ್ಲ ಅಲ್ವಾ?'

'ಗೊತ್ತಿರಲಿಲ್ಲ ಅತ್ತಿಗೆ' ಎಂದೆ.